ನಾಲ್ಕನೇ ಮಂಚದ ಕೇಸು

ಬಾಯಿ ಬಿಡಲ್ಲ ಸಾರ್, ಅಂತ ಹನ್ನೊಂದು ವರ್ಷದ ಕೆಳಗೆ ಇದೇ ನಾಲ್ಕನೇ ಮಂಚದ ಮೇಲೆ ಕೂತು ಮಾತು ಕೊಟ್ಟಿದ್ದೆ, ಆವತ್ತೂ ಈ ಫ್ಯಾನು ಹಿಂಗೇ ಸುತ್ತಿಗೊಂದು ಸಲ ಟಕ್ ಅಂತ ತಲೆ ಆಡಿಸ್ತಿತ್ತು, ಇವತ್ತೂ ಆಡಿಸ್ತಿದೆ, ಆಡಿಸ್ಲಿ ಬುಡು, ಗಾಳಿ ಬರುತ್ತಲ್ಲ, ಬೆಳಗ್ಗೆ ಹತ್ತೂವರೆ ಹೊತ್ತಿಗೆ ಹಿಂಗೆ ಅಂಗಾತ ಮಲಗಿ ಗಾಳಿ ತಗೊಳ್ಳೋ ಭಾಗ್ಯ ಯಾವ ಕಂಡಕ್ಟರಮ್ಮನಿಗುಂಟು — ಈ ಹೊತ್ತಿಗೆ ನನ್ನ ಬಸ್ಸು ಪಾವಗಡ ಬಿಟ್ಟು ಮಿಡಿಗೇಶಿ ಹತ್ರ ಬಂದಿರುತ್ತೆ, ನನ್ನ ಡ್ಯೂಟಿ ತಗೊಂಡಿರೋ ಜಯಕುಮಾರ ಬಾಗಿಲಲ್ಲಿ ನೇತಾಡ್ಕೊಂಡು ಒಳಗೆ ನಡೀರಿ ಒಳಗೆ ನಡೀರಿ ಅಂತ ಗಂಟಲು ಹರ್ಕೋತಿರ್ತಾನೆ, ನಾನು ಇಲ್ಲಿ ತುಮಕೂರಲ್ಲಿ ನೈಟಿ ಹಾಕ್ಕೊಂಡು, ತಲೆದಿಂಬು ಇಟ್ಕೊಂಡು, ರೋಗಿಯೂ ಅಲ್ಲ ನೆಂಟಳೂ ಅಲ್ಲ, ಕೇಸು. ವರ್ಷಕ್ಕೆರಡು ಸಲ ದಿಲ್ಲಿ ಬೋರ್ಡಿನೋರ ಪರೀಕ್ಷೆ ಈ ವಾರ್ಡಿನಲ್ಲಿ ನಡೆಯುತ್ತೆ, ಎಂಬಿಬಿಎಸ್ ಮುಗಿಸಿ ಮತ್ತೆ ಮೂರು ವರ್ಷ ಕುಯ್ಯೋದು ಹೊಲಿಯೋದು ಕಲಿತ ಡಾಕ್ಟ್ರುಗಳು ಸರ್ಜನ್ ಅಂತ ಅನ್ನಿಸ್ಕೋಬೇಕಾದ್ರೆ ಇಲ್ಲಿ ಪಾಸಾಗ್ಬೇಕು, ಬರೆಯೋ ಪರೀಕ್ಷೆ ಬೇರೆ ಆಗಿರುತ್ತೆ, ಇದು ಮುಟ್ಟಿ ನೋಡೋ ಪರೀಕ್ಷೆ, ಅದಕ್ಕೆ ಜೀವ ಇರೋ ಮನುಷ್ಯರು ಬೇಕಲ್ಲ, ಅವರೇ ನಾವು — ಒಂದನೇ ಮಂಚ ಗಂಟಲು ಗಡ್ಡೆಯ ಮಂಜಮ್ಮ, ಹೊಳವನಹಳ್ಳಿಯೋಳು, ಎರಡನೇದೂ ಮೂರನೇದೂ ಗಂಡಸರ ಮಂಚ, ಪರದೆ ಆಚೆ, ನಾಲ್ಕು ನಾನು, ವನಜಾಕ್ಷಿ, ನಲವತ್ತಾರು ವರ್ಷ, ಮಧುಗಿರಿ, ಎಡಗಾಲಿನ ಉಬ್ಬಿದ ನರ. ಒಬ್ಬೊಬ್ಬ ಡಾಕ್ಟ್ರಿಗೂ ಮುಕ್ಕಾಲು ಗಂಟೆ ನಮ್ಮ ಜೊತೆ ಒಬ್ಬರೇ ಬಿಡ್ತಾರೆ, ಕೇಳ್ತಾರೆ, ನೋಡ್ತಾರೆ, ಬರ್ಕೋತಾರೆ, ಆಮೇಲೆ ಬೆಲ್ಲು, ಆಮೇಲೆ ಎಲ್ಲೆಲ್ಲಿಂದಲೋ ಬಂದ ದೊಡ್ಡ ಡಾಕ್ಟ್ರುಗಳು ನಾಲ್ಕು ಜನ ಸುತ್ತ ನಿಂತು ಪ್ರಶ್ನೆ ಕೇಳಿ ಕೇಳಿ ಅವರನ್ನ ಅರೀತಾರೆ, ನಾನು ಫ್ಯಾನು ನೋಡ್ತೀನಿ. ಮಧ್ಯಾಹ್ನ ಚಿತ್ರಾನ್ನ, ಮಜ್ಜಿಗೆ. ಡಿಪೊದಲ್ಲಿ ನಗ್ತಾರೆ, ಏನ್ ವನಜಕ್ಕ ಮಲಗೋಕೆ ತುಮಕೂರಿಗೆ ಹೋಗ್ತೀಯಂತೆ, ಹೂಂ ಕಣಪ್ಪ ಮಲಗೋಕೇ ಹೋಗ್ತೀನಿ, ನಿಮ್ಮನೇಲಿ ಮಲಗಕ್ಕೆ ಬುಟ್ಟಾರಾ ನಿಮ್ಮ ಹೆಂಗಸರನ್ನ.

ಹತ್ತೊಂಬತ್ತು ವರ್ಷ ಓಡೋ ಬಸ್ಸಲ್ಲಿ ನಿಂತ ಕಾಲು, ತಿರುವಲ್ಲಿ ಸೀಟಿಗೆ ಒರಗಿ ಟಿಕೆಟ್ ಹರೀವಾಗ ಭಾರವೆಲ್ಲ ಎಡಕ್ಕೆ ಬಿಡೋದು ನನ್ನ ಅಭ್ಯಾಸ, ಅದಕ್ಕೇ ಬಲಗಾಲು ಮದುವಣಗಿತ್ತಿ ಥರ ಇದೆ, ಎಡಗಾಲು ಅದರ ಅತ್ತೆ ಥರ — ಸಾಯಂಕಾಲದ ಹೊತ್ತಿಗೆ ನೀರು ತುಂಬಿದ ಬಿಂದಿಗೆ ಆಗುತ್ತೆ, ಹಿಮ್ಮಡಿ ಮೇಲೆ ಕಪ್ಪಗೆ, ತುರಿಕೆ, ಮಗಳು ಬೈತಾಳೆ, ಅಮ್ಮ ಆಪರೇಷನ್ ಮಾಡಿಸ್ಕೊ, ಮಾಡಿಸ್ಕೋತೀನಿ ಕಣೇ ನಿನ್ನ ಏಳನೇ ಕ್ಲಾಸು ಮುಗೀಲಿ, ಎಸ್ಸೆಸ್ಸೆಲ್ಸಿ ಮುಗೀಲಿ, ಈಗ ಪಿಯುಸಿ ಮುಗೀಲಿ ಅಂತಿದೀನಿ, ಇನ್ನು ಮುಂದಕ್ಕೆ ಹಾಕೋಕ್ಕೆ ಕ್ಲಾಸೇ ಉಳಿದಿಲ್ಲ, ಏಪ್ರಿಲ್ಲಲ್ಲಿ ಮಾಡಿಸ್ಬೇಕು, ಮಾಡಿಸ್ತೀನಿ. ಆದ್ರೆ ನನ್ನ ಕಾಲು ಎಲ್ಲರ ಕಾಲಿನಂಗಲ್ಲ, ಅದಕ್ಕೇ ಮಹಾಲಿಂಗಯ್ಯ ಡಾಕ್ಟ್ರಿಗೆ ಅದರ ಮೇಲೆ ಅಷ್ಟು ಪ್ರೀತಿ, ಈ ವಾರ್ಡಿನ ದೊಡ್ಡ ಸರ್ಜನ್ ಅವರು, ಕೇಸು ಆರಿಸೋರೂ ಅವರೇ. ಮುಂದಿಂದ ನೋಡಿದ್ರೆ ಮಂಡಿಯ ಒಳಬದೀಲಿ ಒಂದು ಸಣ್ಣ ನೀಲಿ ನರ ಬಳ್ಳಿ ಥರ ಹಬ್ಬಿದೆ, ನೋಡಿದ ತಕ್ಷಣ ಎಲ್ಲರೂ ಖುಷಿಯಾಗ್ತಾರೆ, ಸಿಕ್ತು ಅಂತ, ತೊಡೆಯಿಂದ ಇಳಿಯೋ ದೊಡ್ಡ ನರ ಕೆಟ್ಟಿದೆ ಅಂತ ಬರ್ಕೋತಾರೆ, ಅದು ಸುಳ್ಳು, ಅದು ಬರೀ ಕವಲು, ರೋಗದ ಬೇರು ಇರೋದು ಹಿಂದೆ, ಮಂಡಿ ಹಿಂದಿನ ಗುಳಿಯಿಂದ ಮೀನಖಂಡದ ಮೇಲೆ ಇಳಿಯೋ ಬೇರೆ ನರದಲ್ಲಿ, ಬೆರಳು ದಪ್ಪ ಆಗಿದೆಯಂತೆ, ನಾನು ಕಂಡಿಲ್ಲ, ನನ್ನ ಕಾಲಿನ ಹಿಂದನ್ನ ನಾನು ಹೆಂಗೆ ಕಾಣ್ಲಿ. ಮಲಗಿಸಿ ಕಾಲೆತ್ತಿದ್ರೆ ಅದು ಬರಿದಾಗಿ ಮಾಯ, ನಿಲ್ಲಿಸಿ ಮುಂದಿಂದ ನೋಡಿದ್ರೆ ಕಾಣಲ್ಲ, ನಿಲ್ಲಿಸಿ ತಿರುಗಿಸ್ಬೇಕು. ಅಷ್ಟೇ. ತಿರುಗಿ ನಿಂತ್ಕೊಳಿ ಅಮ್ಮ ಅಂದೋರು ಪಾಸು, ಅನ್ನದೋರು ಫೇಲು, ಹನ್ನೊಂದು ವರ್ಷದಲ್ಲಿ ಇದು ಒಂದು ಸಲವೂ ತಪ್ಪಿಲ್ಲ. ಮೊದಲನೇ ಸಲ ಬಂದಾಗ ಇದೆಲ್ಲ ನನಗೇನು ಗೊತ್ತು, ಒಬ್ಬ ಹುಡುಗ ಡಾಕ್ಟ್ರು ಬೆವರ್ತಾ ಕೂತಿದ್ದ, ಪಾಪ ಅನ್ನಿಸ್ತು, ಹಿಂದೆ ನೋಡಿ ಸಾರ್ ಅಲ್ಲೇ ಇರೋದು ಅಂದ್ಬುಟ್ಟೆ, ಅವನು ಪಾಸಾಗಿ ನನ್ನ ಕಾಲಿಗೆ ಕೈ ಮುಗಿದು ಹೋದ. ಸಂಜೆ ವಿಷಯ ಕಿವಿಗೆ ಬಿದ್ದು ಮಹಾಲಿಂಗಯ್ಯ ಡಾಕ್ಟ್ರು ಬಂದು ಈ ಮಂಚದ ಅಂಚಲ್ಲಿ ಕೂತ್ರು, ಆರು ವರ್ಷದ ನನ್ನ ಮಗಳು ಪಕ್ಕದಲ್ಲಿ ಬಿಸ್ಕತ್ತು ಅದ್ದಿ ಅದ್ದಿ ತಿಂತಿದ್ಲು, ಅವರು ಬೈಲಿಲ್ಲ, ಬೈದಿದ್ರೆ ಮರೀತಿದ್ದೆ, ಕೇಳಿದ್ರು — ಅಲ್ಲ ಕಣಮ್ಮ, ಆ ಹುಡುಗ ನಾಳೆ ಯಾವುದೋ ಊರಲ್ಲಿ ಯಾರದೋ ಕಾಲು ಕುಯ್ತಾನೆ, ಆವಾಗ ಹಿಂದೆ ನೋಡು ಅಂತ ಅವನಿಗೆ ಯಾರು ಹೇಳ್ತಾರೆ? ನಾನು ನೆಲ ನೋಡಿದೆ. ಇನ್ಮೇಲೆ ಬಾಯಿ ಬಿಡಲ್ಲ ಸಾರ್, ನನ್ನ ಮಗಳಾಣೆ ಅಂತ ಅವಳ ತಲೆ ಮೇಲೆ ಕೈ ಇಡೋಕ್ಕೆ ಹೋದೆ, ಅವರು ಕೈ ಹಿಡ್ಕೊಂಡ್ರು, ಆಣೆಗೀಣೆ ಯಾಕಮ್ಮ ಮಗು ಮೇಲೆ, ಮಾತು ಸಾಕು. ಮಾತು ಸಾಕು ಅಂತ ಯಾರೂ ನನಗೆ ಅದಕ್ಕೆ ಮೊದಲು ಅಂದಿರಲಿಲ್ಲ, ಬಸ್ಸಲ್ಲಿ ನನ್ನ ಮಾತನ್ನ ಯಾರು ನಂಬ್ತಾರೆ, ಚಿಲ್ಲರೆ ಇಲ್ಲ ಅಂದ್ರೂ ಬ್ಯಾಗ್ ತೆಗೆದು ತೋರ್ಸು ಅಂತಾರೆ.

ಆಮೇಲೆ ಒಂದು ತೊಂದ್ರೆ ಶುರುವಾಯ್ತು, ಬಾಯಿ ಬಿಡಲ್ಲ ಸರಿ, ಆದ್ರೆ ಮಂಚ ಹತ್ತೋವಾಗ ತಿರುಗ್ತೀನಲ್ಲ, ತಿರುಗಿದ್ರೆ ಕಾಲಿನ ಹಿಂದು ಕಾಣುತ್ತಲ್ಲ, ಕಂಡ್ರೆ ಹೇಳ್ದಂಗೇ ಆಯ್ತಲ್ಲ — ಅದಕ್ಕೇ ಹಿಂದಿಂದಕ್ಕೆ ಹತ್ತೋದು ಕಲಿತೆ, ಬೆನ್ನು ಮಂಚಕ್ಕೆ ಮಾಡಿ ನಿಂತು, ಕೈ ಹಿಂದಕ್ಕೆ ಚಾಚಿ ಕಬ್ಬಿಣದ ಅಂಚು ಸವರಿ, ಒಂದೇ ನೆಗೆತಕ್ಕೆ ಕೂತ್ಬಿಡೋದು, ಓಡೋ ಬಸ್ಸಲ್ಲಿ ಹಿಂದಿಂದಕ್ಕೆ ನಡೆಯೋದನ್ನ ಹತ್ತೊಂಬತ್ತು ವರ್ಷದಿಂದ ಮಾಡಿದೀನಿ, ಇದೇನು ಮಹಾ. ನರ್ಸು ಸರಸಮ್ಮ ನಕ್ಕಿದ್ದೇ ನಕ್ಕಿದ್ದು, ಏನ್ರೀ ವನಜಕ್ಕ, ಗರ್ಭಗುಡಿಯಿಂದ ದೇವರಿಗೆ ಬೆನ್ನು ತೋರಿಸ್ದೆ ಆಚೆ ಬರೋರ ಥರ ಕೂತ್ಕೋತೀರಲ್ಲ, ಹೂಂ ಕಣಮ್ಮ, ಡಾಕ್ಟ್ರು ದೇವರಲ್ವಾ ಅಂದೆ, ಅವಳಿಗೆ ನಿಜ ಹೇಳ್ಲಿಲ್ಲ. ಹಿಂಗಾಗಿ ಈ ಮಂಚದ ಹಿಂದಿನ ಗೋಡೆ ನನಗೆ ಕಾಣೋದು ಯಾರಾದ್ರೂ ತಿರುಗಿಸಿದಾಗ ಮಾತ್ರ. ಗೋಡೇಲಿ ಒಂದು ಮೊಳೆ ಇದೆ. ಯಾವ ಕಾಲದಲ್ಲಿ ಏನು ನೇತು ಹಾಕಿದ್ರೋ, ಈಗ ಏನೂ ಇಲ್ಲ, ಗೋಡೆಗೆ ಬಣ್ಣ ಹೊಡೆಯೋರು ಅದನ್ನ ಕೀಳೋಕ್ಕೆ ಹೋಗದೆ ಅದರ ತಲೆಗೂ ಸೇರಿಸಿ ಹಸಿರು ಬಳಿದು ಹೋಗ್ತಾರೆ, ಹಸಿರು ಗೋಡೇಲಿ ಹಸಿರು ಮೊಳೆ, ಬಳಿದೂ ಬಳಿದೂ ಕಡ್ಲೆಕಾಯಿ ಬೀಜದಷ್ಟು ದಪ್ಪ ಆಗಿದೆ. ಅದು ಕಂಡ್ರೆ ನನಗೆ ಒಂಥರಾ ಹೊಟ್ಟೆ ತಣ್ಣಗಾಗುತ್ತೆ, ಇನ್ನೊಬ್ಬ ಸರ್ಜನ್ ಹುಟ್ಟಿದ ಅಂತ, ಹೆಸರೂ ಗೊತ್ತಿರಲ್ಲ, ಊರೂ ಗೊತ್ತಿರಲ್ಲ, ಅಲ್ಲೆಲ್ಲೋ ಹೋಗಿ ಯಾರದೋ ಅಮ್ಮನ ಕಾಲು ಸರಿ ಮಾಡ್ತಾನೆ, ಅದರಲ್ಲಿ ನನ್ನದೂ ಒಂದು ಪಾಲು, ಮಧುಗಿರಿ ಡಿಪೊದ ವನಜಾಕ್ಷಿಯದು — ಗಂಡನಿಗೆ ಹೇಳಿದ್ರೆ ಅವರು, ದೇವರಾಜು, ಊಟ ಮಾಡ್ತಾ, ಅಂಗಾದ್ರೆ ಅವರ ಸರ್ಟಿಫಿಕೇಟಲ್ಲಿ ನಿನ್ನ ಕಾಲಿನ ಫೋಟೊ ಹಾಕ್ಬೇಕಿತ್ತು ಬುಡು ಅಂದ್ರು. ಇವತ್ತು ಬೆಳಗ್ಗೆ ಮೊದಲನೆಯೋನು ಬಂದಿದ್ದ, ಕೇರಳದೋನು, ಅಮ್ಮ ಕಾಲ್ ಎಷ್ಟು ದಿವಸ ಆಯ್ತು ಉಬ್ಬಿ ಅಂತ ಮುದ್ದಾದ ಕನ್ನಡ, ಹತ್ತೇ ನಿಮಿಷಕ್ಕೆ ತಿರುಗಿಸ್ದ, ಮೊಳೆ ಕಂಡೆ. ಅವನು ಹೋದ. ಈಗ ಎರಡನೆಯೋರು. ಪರದೆಯ ಬಳೆ ಜರಗಿದ ಸದ್ದು, ಚಪ್ಪಲಿ ಸದ್ದು, ಹೆಂಗಸಿನ ಚಪ್ಪಲಿ, ನಮಸ್ಕಾರ ಅಮ್ಮ ಅಂತ ದನಿ — ಅಯ್ಯೋ ಶಿವನೇ, ಈ ದನಿ.

ಜ್ಯೋತಿಲಕ್ಷ್ಮಿ. ಮಾಸ್ಕ್ ಹಾಕಿದ್ರೂ ಕಣ್ಣು ಅವಳದೇ, ಹುಬ್ಬಿನ ಮಧ್ಯ ಆ ಗೀಟು ಅವಳದೇ, ನನ್ನ ಬಸ್ಸಲ್ಲಿ ಎರಡು ವರ್ಷ ದಿನಾ ಮಧುಗಿರಿಯಿಂದ ನಿಡುಗಲ್ ಕಡೆಯ ಆರೋಗ್ಯ ಕೇಂದ್ರಕ್ಕೆ ಹೋಗಿ ಬರ್ತಿದ್ದ ಡಾಕ್ಟ್ರಮ್ಮ, ಮೂರನೇ ಸೀಟು ಕಿಟಕಿ ಪಕ್ಕ, ತೊಡೆ ಮೇಲೆ ಇಟ್ಟಿಗೆ ಗಾತ್ರದ ಪುಸ್ತಕ, ಓದ್ತಾ ಓದ್ತಾ ಹೊಟ್ಟೆ ತೊಳೆಸಿ ಕಿಟಕಿಯಾಚೆ ವಾಂತಿ ಮಾಡಿ ಮತ್ತೆ ಓದೋಳು, ವನಜಕ್ಕ ಒಂದು ನಿಂಬೆಹಣ್ಣು ಇದ್ಯಾ ಅನ್ನೋಳು. ಅವಳೂ ನನ್ನ ಕಂಡ್ಳು. ಕಣ್ಣು ಒಂದು ಚಣ ಅಗಲವಾಯ್ತು, ತಕ್ಷಣ ಕಾಗದದ ಕಡೆ ಬಗ್ಗಿದ್ಲು, ನಿಮ್ಮ ಹೆಸರೇನಮ್ಮ ಅಂದ್ಲು, ಮುಖ ಪರಿಚಯವೇ ಇಲ್ಲದೋಳ ಥರ, ಸರಿ, ನಿಯತ್ತಿನೋಳು, ನಾನೂ ವನಜಾಕ್ಷಿ ಅಂದೆ, ಏನ್ ಕೆಲಸ, ಕಂಡಕ್ಟರ್, ದಿನಕ್ಕೆ ಎಷ್ಟು ಗಂಟೆ ನಿಂತಿರ್ತೀರಿ, ನಿನಗೆ ಗೊತ್ತಿಲ್ವಾ ತಾಯಿ ಅನ್ನಬೇಕು ಅನ್ನಿಸಿದ್ದನ್ನ ನುಂಗಿ ಹತ್ತು ಹನ್ನೆರಡು ಅಂದೆ. ಬರೆದದ್ದನ್ನ ಹೊಡೆದು ಹಾಕಿ ಮತ್ತೆ ಬರೀತಾಳೆ. ಇದು ಮೂರನೇ ಸಲ ಅವಳಿಗೆ, ಸರಸಮ್ಮ ಹೋದ ತಿಂಗಳೇ ಬಸ್ಸಲ್ಲಿ ಹೇಳಿದ್ಲು, ಪಾಪ ಜ್ಯೋತಿಲಕ್ಷ್ಮಿ ಮೇಡಮ್ಮು ಎರಡು ಸಲ ಬೇರೆ ಊರಲ್ಲಿ ಪ್ರಾಕ್ಟಿಕಲ್ಲಲ್ಲಿ ಹೋಯ್ತು, ಮೂರನೇದೂ ಹೋದ್ರೆ ಮತ್ತೆ ಬರೆಯೋ ಪರೀಕ್ಷೆಯಿಂದ ಶುರು ಮಾಡ್ಬೇಕಂತೆ, ಮಾಡಲ್ಲ ಅಂತಿದಾರಂತೆ, ಸಾಕು ಅಂತಿದಾರಂತೆ. ಸಾಕಾ? ನಮ್ಮೂರ ಕಡೆ ಆಪರೇಷನ್ ಮಾಡ್ತಿರೋ ಸಿದ್ದಗಂಗಯ್ಯ ಡಾಕ್ಟ್ರು ಮಾರ್ಚಿಗೆ ರಿಟೈರು, ಅವರ ಜಾಗಕ್ಕೆ ಇವಳೇ ಬರ್ತಾಳೆ ಅಂತ ಎಲ್ಲರೂ ಕಾಯ್ತಿದೀವಿ, ನನ್ನ ಈ ಕಾಲನ್ನೂ ಇವಳ ಕೈಗೇ ಕೊಡೋದು ಅಂತ ನಾನು ಒಳಗೊಳಗೇ ಗೊತ್ತು ಮಾಡ್ಕೊಂಡಿದೀನಿ, ಇವಳಿಗೆ ಗೊತ್ತಿಲ್ಲ. ಯಾಕಂದ್ರೆ ಆ ಅಜ್ಜ. ನಿಡುಗಲ್ಲಿನ ದೊಡ್ಡರಂಗಪ್ಪ, ಬಸ್ಸಿನ ಹಿಂದಿನ ಉದ್ದ ಸೀಟಲ್ಲಿ ಕೂತು ನೊಪ್ಪಿ ಅಮ್ಮಾ ನೊಪ್ಪಿ, ನೋವು ಅಂತ ಅವನ ತೆಲುಗಲ್ಲಿ ಮೆಲ್ಲಗೆ ನರಳ್ತಿದ್ದ, ವಾಯು ಅಮ್ಮಾ, ಶುಂಠಿ ತಿಂದಿದೀನಿ ಪೋತುಂದಿ, ಹೋಗ್ಬಿಡುತ್ತೆ ಅಂತ ನನಗೇ ಸಮಾಧಾನ ಹೇಳ್ತಿದ್ದ, ನಾನು ನಂಬಿದೆ, ಜ್ಯೋತಿಲಕ್ಷ್ಮಿ ಪುಸ್ತಕದಿಂದ ತಲೆ ಎತ್ತಿ ಅವನನ್ನ ನೋಡಿದ್ಲು, ನೋಡೇ ನೋಡಿದ್ಲು, ಎದ್ದು ಹಿಂದಕ್ಕೆ ಹೋದ್ಲು, ಅಜ್ಜನ ಪಂಚೆ ಸರಿಸಿ ತೊಡೆಸಂದಿಯ ಮೇಲೆ ಕೈ ಇಟ್ಲು, ಬಂದು ನನ್ನ ಕಿವೀಲಿ, ವನಜಕ್ಕ, ಕರುಳು ಸಿಕ್ಕಾಕ್ಕೊಂಡಿದೆ, ಬಸ್ಸು ಎಲ್ಲೂ ನಿಲ್ಲಿಸ್ಬೇಡಿ, ಸೀದಾ ಆಸ್ಪತ್ರೆ. ಡ್ರೈವರ್ ಮಲ್ಲೇಶ, ಮೇಡಮ್ ಮಿಡಿಗೇಶೀಲಿ ನಿಲ್ಲಿಸ್ಲಿಲ್ಲ ಅಂದ್ರೆ ನನ್ನ ಚರ್ಮ ಸುಲೀತಾರೆ, ಸುಲೀಲಿ ಬುಡ್ಲಾ ಆಮೇಲೆ ಹೊಲಿಯೋಕೆ ಡಾಕ್ಟ್ರು ಬಸ್ಸಲ್ಲೇ ಇದಾರೆ ಅಂತ ನಾನು ರೈಟ್ ರೈಟ್ ಅಂತ ಸೀಟಿ ಊದಿದೆ, ಊದ್ತಾನೇ ಇದ್ದೆ, ಸ್ಟಾಪಿಗೆ ಸ್ಟಾಪು ಹಿಂದಕ್ಕೆ ಹೋಯ್ತು, ಇಳಿಯೋರು ಬೈದ್ರು, ಒಬ್ಬಳು ಕುಕ್ಕೆ ಎಸೆದ್ಲು, ಬದನೆಕಾಯಿ ಬಸ್ಸೆಲ್ಲ ಉರುಳಾಡ್ತು. ಸಿದ್ದಗಂಗಯ್ಯ ಡಾಕ್ಟ್ರು ಕುಯ್ದು ಸರಿ ಮಾಡಿದ್ರು, ಅಜ್ಜ ಈಗಲೂ ಬಸ್ಸಿಗೆ ಬರ್ತಾನೆ, ಟಿಕೆಟ್ ಇವ್ವಮ್ಮ ಬದನೆಕಾಯಮ್ಮ ಅಂತ ರೇಗಿಸ್ತಾನೆ. ಆವತ್ತು ಆಪರೇಷನ್ ಕೋಣೆ ಬಾಗಿಲ ಮುಂದೆ ನಾವಿಬ್ಬರೂ ನಿಂತಿದ್ವಿ, ಹೆಂಗೆ ಗೊತ್ತಾಯ್ತು ಮೇಡಮ್ ಅಂದೆ, ಅಜ್ಜ ಕೂತಿದ್ದು ಸರಿ ಇರಲಿಲ್ಲ ವನಜಕ್ಕ, ಒಂದೇ ಪಕ್ಕಕ್ಕೆ ಕೂತಿದ್ದ, ಅಂದು ಆ ಬಾಗಿಲ ಕಡೆ ನೋಡಿ, ನನಗೆ ಗೊತ್ತಾಯ್ತು, ಆದ್ರೆ ಮಾಡೋಕ್ಕೆ ಬರಲಿಲ್ಲ. ಅಷ್ಟೇ ಅಂದದ್ದು. ಮುಂದಿನ ವರ್ಷ ಸರ್ಜರಿ ಓದೋಕ್ಕೆ ಹೋದ್ಲು, ಕಿಟಕಿ ಪಕ್ಕದ ಸೀಟು ಖಾಲಿ ಆಯ್ತು.

ಮುಕ್ಕಾಲು ಗಂಟೆ ಅಂದ್ರೆ ನನಗೆ ಬಸ್ಸಿನ ಲೆಕ್ಕ, ಮಧುಗಿರಿ ಬಿಟ್ಟು ಕೊರಟಗೆರೆ ದಾಟಿ ತುಂಬಾಡಿ ಹತ್ರ, ಈಗ ಕೊರಟಗೆರೆ ಬಸ್ ಸ್ಟ್ಯಾಂಡಿಗೆ ಬಂದಂಗಾಗಿದೆ, ಇವಳು ಇನ್ನೂ ನನ್ನ ಮುಂದೇನೇ ಇದಾಳೆ. ಹೊಟ್ಟೆ ಒತ್ತಿ ನೋಡಿದ್ಲು, ಸರಿ, ಮಲಗಿಸಿ ಕಾಲೆತ್ತಿದ್ಲು, ನರ ಬರಿದಾಯ್ತು, ತೊಡೆಗೆ ರಬ್ಬರು ಪಟ್ಟಿ ಕಟ್ಟಿ ಎದ್ದು ನಿಲ್ಲಿ ಅಂದ್ಲು, ನಿಂತೆ, ಬೆನ್ನು ಮಂಚಕ್ಕೆ, ಮುಖ ಅವಳಿಗೆ, ಮೊಣಕಾಲೂರಿ ಕೂತು ಮುಂದಿನ ಆ ಸುಳ್ಳು ನರವನ್ನ ನೋಡ್ತಾಳೆ, ಪಟ್ಟಿ ಬಿಚ್ಚಿದ್ಲು, ಹುಬ್ಬಿನ ಗೀಟು ಇನ್ನೂ ಆಳ ಆಯ್ತು, ತೊಡೇಲಿ ತಡೆದ್ರೂ ನರ ತುಂಬ್ಕೊಳ್ತಿದೆ, ಲೆಕ್ಕ ಹೊಂದ್ತಿಲ್ಲ ಅಂತ ಅವಳಿಗೇ ಗೊತ್ತು, ಮತ್ತೆ ಕಟ್ಟಿದ್ಲು, ಮತ್ತೆ ಬಿಚ್ಚಿದ್ಲು, ಕೊನೆಗೆ ಪುಸ್ತಕದಲ್ಲಿ ಇರೋದನ್ನೇ ಬರ್ಕೋತಿದಾಳೆ, ತೊಡೆಯ ದೊಡ್ಡ ನರ, ತಪ್ಪು, ತಪ್ಪು ಕಣೇ ತಾಯಿ, ಬಸ್ಸಲ್ಲಿ ಪುಸ್ತಕದಿಂದ ತಲೆ ಎತ್ತಿದೋಳು ಇಲ್ಲಿ ಯಾಕೆ ಎತ್ತಲ್ಲ, ಹೆದರಿಕೆ, ಪರೀಕ್ಷೆ ಅಂದ್ರೆ ಮನುಷ್ಯರು ಎದುರಿಗಿರೋ ಮನುಷ್ಯರನ್ನ ಮರೀತಾರೆ, ನನ್ನ ಮಗಳೂ ಅಂಗೇ, ಮನೇಲಿ ಪಟಪಟ ಅಂತ ಹೇಳೋಳು ಹಾಲ್ ಟಿಕೆಟ್ ಕೈಗೆ ಬಂದ್ರೆ ಕಲ್ಲು. ಒಂದು ಅರೆ ಸುತ್ತು ತಿರುಗಿದ್ರೆ ಮುಗೀತು. ಯಾರಿಗೆ ಗೊತ್ತಾಗುತ್ತೆ, ಬೆವರು ಒರೆಸ್ಕೊಳ್ಳೋಕೆ ಟವೆಲ್ ತಗೊಂಡೆ ಅಂದ್ರೆ ಆಯ್ತು, ಟವೆಲ್ಲು ಹಿಂದೇನೇ ಇದೆ, ದಿಂಬಿನ ಪಕ್ಕ, ದೇವರೇ ಇಟ್ಟಂಗೆ. ಇವಳೇನು ಏನೂ ಬಾರದೋಳಾ, ಆ ಅಜ್ಜನ್ನ ಉಳಿಸಿದೋಳು, ಇವಳು ಪಾಸಾದ್ರೆ ನಾಲ್ಕು ತಾಲ್ಲೂಕಿಗೆ ಒಳ್ಳೇದು, ಶಿರಾದಿಂದ ಪಾವಗಡದ ತನಕ ಹೆಂಗಸರು ತಮ್ಮ ಕಾಲು ಎದೆ ತೋರಿಸೋಕ್ಕೆ ಒಬ್ಬ ಹೆಣ್ಣು ಸರ್ಜನ್ ಸಿಗ್ತಾಳೆ — ಸರಿ, ಎಲ್ಲ ಸರಿ, ಆದ್ರೆ ನಾನು ಬಡವನಹಳ್ಳೀಲಿ ಹತ್ತಿದ ನಮ್ಮತ್ತೆಗೂ ಟಿಕೆಟ್ ಹರಿದೋಳು, ಈಗ ಹೆಂಗಸರಿಗೆ ಬಿಟ್ಟಿ ಆದ್ಮೇಲೂ ಸೊನ್ನೆ ಟಿಕೆಟ್ಟು ಹರಿದು ಕೈಗೆ ಕೊಡ್ತೀನಿ, ನಮ್ಮತ್ತೆ ಅಂತಿದ್ರು, ಏನೇ, ಸೊಸೆ ಬಸ್ಸಲ್ಲೂ ಚೀಟಿನಾ, ಹೂಂ ಅತ್ತೆ, ನೀವು ಹತ್ತಿದ್ದಕ್ಕೆ ಸಾಕ್ಷಿ ಬೇಕಲ್ಲ, ಇಲ್ದಿದ್ರೆ ನೀವು ಹತ್ತೇ ಇಲ್ಲ ಅಂತ ಆಗುತ್ತೆ. ಇವಳಿಗೂ ಅಂಗೇ ಅಲ್ವಾ. ನಾನು ತಿರುಗಿ ಇವಳು ಪಾಸಾದ್ರೆ ನಾಳೆ ಯಾವಳದೋ ಕಾಲು ಮುಂದೆ ಕೂತಾಗ ಇವಳು ಇದೇ ಥರ ಪುಸ್ತಕದಲ್ಲಿ ಇರೋದನ್ನೇ ನೆಚ್ಕೋತಾಳೆ, ಹಿಂದೆ ನೋಡು ಅಂತ ಯಾರು ಹೇಳ್ತಾರೆ, ಮಹಾಲಿಂಗಯ್ಯ ಡಾಕ್ಟ್ರು ಕೇಳಿದ್ದೂ ಅದೇ. ಆ ಕಾಲು ನನ್ನದೇ ಆದ್ರೆ? ಏಪ್ರಿಲ್ಲಲ್ಲಿ? ನಗು ಬಂತು. ನನ್ನ ಕಾಲಿನ ಗುಟ್ಟು ಗೊತ್ತಿಲ್ಲದೆ ನನ್ನ ಕಾಲು ಕುಯ್ಯೋಳು, ಆವಾಗ್ಲೂ ನಾನು ಬಾಯಿ ಮುಚ್ಕೊಂಡೇ ಮಲಗಿರ್ತೀನಾ.

ಐದು ನಿಮಿಷ ಅಂತ ಪರದೆಯಾಚೆಯಿಂದ ಯಾರೋ ಕೂಗಿದ್ರು. ಜ್ಯೋತಿಲಕ್ಷ್ಮಿ ಸ್ಟೂಲಿನ ಮೇಲೆ ಕೂತ್ಲು, ಪೆನ್ನು ಮುಚ್ಚಿದ್ಲು, ಮುಚ್ಚಳ ಟಿಕ್ ಅಂತು, ಮಾಸ್ಕ್ ಗದ್ದಕ್ಕೆ ಇಳಿಸಿ ಹಣೆ ಅಂಗೈಲಿ ಇಟ್ಕೊಂಡ್ಲು, ನಾನು ಇನ್ನೂ ನಿಂತೇ ಇದೀನಿ, ಎಡಗಾಲಲ್ಲಿ ನೀರು ಇಳೀತಿದೆ, ಭಾರ, ಸುಮ್ನೆ ನಿಲ್ಲೋದು ಬಸ್ಸಲ್ಲಿ ನಿಲ್ಲೋದಕ್ಕಿಂತ ಕಷ್ಟ, ಬಸ್ಸು ಅಲ್ಲಾಡಿಸ್ತಾನಾದ್ರೂ ಇರುತ್ತೆ. ಅವಳು ತಲೆ ಎತ್ತಿದ್ಲು. ಆ ಮುಖ ಡಾಕ್ಟ್ರದಲ್ಲ, ಪರೀಕ್ಷೆಗೆ ಬಂದೋಳದಲ್ಲ, ಕಿಟಕಿ ಪಕ್ಕ ವಾಂತಿ ಮಾಡಿ ಬಾಯಿ ಒರೆಸ್ಕೊಂಡು ನಗ್ತಿದ್ದ ಹುಡುಗೀದು — ಕೂತ್ಕೊಳಿ ವನಜಕ್ಕ, ಎಷ್ಟೊತ್ತು ನಿಲ್ತೀರಿ, ಕಾಲು ನೋಯುತ್ತೆ ನಿಮಗೆ. ನನ್ನ ಹೆಸರು ಹಿಡಿದು ಕರೆದ್ಲು, ಎಲ್ಲ ಮುಗೀತು ಅಂತ ಅವಳಿಗೆ ಅನ್ನಿಸಿದೆ, ಇನ್ನು ನಾಟಕ ಯಾಕೆ ಅಂತ. ಕೂತ್ಕೋಬೇಕಾದ್ರೆ ತಿರುಗಬಹುದು, ಎಲ್ಲರೂ ತಿರುಗೇ ಮಂಚ ಹತ್ತೋದು, ನಾನು ಕೇಳಿದ್ದಲ್ಲ, ಅವಳೇ ಹೇಳಿದ್ದು, ಕೂತ್ಕೊಳಿ ಅಂತ, ಇದಕ್ಕೆ ಮಾತು ಮುರಿದಂಗೆ ಅಂತ ಯಾವ ಸ್ವಾಮಿಯೂ ಹೇಳಲ್ಲ, ಎಡಗಾಲು ತಾನಾಗೇ ಹಿಮ್ಮಡಿ ಮೇಲೆ ಒಂದು ಚೂರು ಹೊರಳ್ತು, ಹೊರಳಿದ್ದು ನನಗೆ ಗೊತ್ತಾಯ್ತು — ಬಿಸ್ಕತ್ತು ಅದ್ದಿ ತಿಂತಿದ್ದ ಆ ಆರು ವರ್ಷದ ಬಾಯಿ, ಅದರ ಮೇಲೆ ಕೈ ಇಡಬೇಡ ಅಂತ ನನ್ನ ಕೈ ಹಿಡ್ಕೊಂಡ ಆ ದೊಡ್ಡ ಕೈ, ಮಾತು ಸಾಕು. ಹಿಮ್ಮಡಿಯನ್ನ ವಾಪಸ್ ನೇರ ಮಾಡಿದೆ. ಕೈ ಹಿಂದಕ್ಕೆ ಚಾಚಿದೆ, ಕಬ್ಬಿಣ ತಣ್ಣಗೆ ಸಿಕ್ತು, ಹಿಂದಿಂದಕ್ಕೆ ಒಂದು ಹೆಜ್ಜೆ, ಇನ್ನೊಂದು, ಗರ್ಭಗುಡಿಯಿಂದ ಆಚೆ ಬರೋರ ಥರ, ಒಂದೇ ನೆಗೆತಕ್ಕೆ ಮಂಚದ ಮೇಲೆ ಕೂತೆ, ಬೆನ್ನಿಗೆ ಗೋಡೆ, ಫ್ಯಾನು ಟಕ್ ಅಂತು. ಸರಿ. ಹೋಯ್ತು. ಕ್ಷಮಿಸಮ್ಮ. ಅವಳ ಮುಖ ನೋಡೋಕ್ಕಾಗದೆ ನನ್ನ ಕಾಲ್ಬೆರಳು ನೋಡ್ತಾ ಕೂತೆ, ಬೆಳ್ಳಿ ಕಾಲುಂಗುರ ಸವೆದು ತಂತಿ ಆಗಿದೆ, ಹೊಸದು ಕೊಡಿಸ್ತೀನಿ ಅಂತ ದೇವರಾಜು ಯಾವಾಗಿನಿಂದಲೋ ಹೇಳ್ತಿದಾರೆ —

ಯಾಕ್ ಹಂಗ್ ಕೂತ್ರಿ? ಅಂತು ದನಿ. ಮೆಲ್ಲಗೆ. ಈಗ ಕೂತ್ರಲ್ಲ, ಹಿಂದಿಂದಕ್ಕೆ, ಯಾಕೆ? ಬಾಯಿ ಬಿಗಿ ಹಿಡ್ಕೊಂಡೆ, ಹಲ್ಲು ನೋಯೋ ಹಂಗೆ, ತಲೆ ಎತ್ತಿದ್ರೆ ಅವಳು ನೋಡ್ತಿದಾಳೆ, ನೋಡೇ ನೋಡ್ತಿದಾಳೆ, ಹಿಂದಿನ ಉದ್ದ ಸೀಟಿನ ಕಡೆ ನೋಡಿದ್ಲಲ್ಲ ಅವತ್ತು, ಅದೇ ನೋಟ, ಹುಬ್ಬಿನ ಗೀಟು ಮಾಯ ಆಗಿದೆ, ಬಸ್ಸಲ್ಲಿ ಎರಡು ವರ್ಷ ನೋಡಿದೀನಿ ನಿಮ್ಮನ್ನ, ನೀವು ಹಂಗೆ ಕೂರೋರಲ್ಲ, ಸೀಟು ಸಿಕ್ರೆ ತಿರುಗಿ ಧೊಪ್ ಅಂತ ಕೂರೋರು, ಅಂತ ನನಗೆ ಹೇಳಿದ್ಲೋ ತನಗೇ ಹೇಳ್ಕೊಂಡ್ಲೋ, ಪೆನ್ನು ನೆಲಕ್ಕೆ ಬಿತ್ತು, ಎತ್ಕೊಳ್ಳಲಿಲ್ಲ, ಎದ್ದೇಳಿ ಅಮ್ಮ — ಅಮ್ಮ ಅಂದ್ಲು ಈಗ, ವನಜಕ್ಕ ಅಲ್ಲ — ಎದ್ದೇಳಿ, ಕೆಳಗೆ ಇಳೀರಿ, ತಿರುಗಿ ನಿಂತ್ಕೊಳಿ. ಇಳಿದೆ. ತಿರುಗಿದೆ. ಹನ್ನೊಂದು ವರ್ಷ ಬಚ್ಚಿಟ್ಟಿದ್ದನ್ನ ಬಚ್ಚಿಟ್ಟಿದ್ದೇ ತೋರಿಸಿಬಿಡ್ತಾ, ಹಂಗಾದ್ರೆ ಇದು ಹೇಳಿದಂಗಾ, ಹೇಳದಂಗಾ, ತಿರುಗಿ ಕೂತಿದ್ರೆ ಪರದೆಯಾಚೆ ಮಂಜಮ್ಮನಿಗೂ ಗೊತ್ತಾಗ್ತಿತ್ತು, ಕೂರಲಿಲ್ಲ ನಾನು, ಇವಳು ತಲೆ ಎತ್ತಿ ನೋಡಿದ್ಲು, ಅಜ್ಜನ್ನ ನೋಡಿದಂಗೆ, ಕೂತದ್ದು ಸರಿ ಇರಲಿಲ್ಲ ಅಂತ ಕಂಡುಕೊಂಡ್ಲು, ಅದು ಇವಳದೇ, ನನ್ನದಲ್ಲ, ನಾಳೆ ಯಾವ ಮಂಚದ ಮುಂದೆ ಕೂತ್ರೂ ಇವಳ ಜೊತೆ ಇರೋದು ಅದೇ. ಮಂಡಿ ಹಿಂದೆ ತಣ್ಣನೆ ಬೆರಳು, ಎರಡು, ನೇರ ಆ ನರದ ಮೇಲೆ. ಉಸಿರು ಎಳ್ಕೊಂಡ ಸದ್ದು. ರಬ್ಬರು ಪಟ್ಟಿ ಈ ಸಲ ಮಂಡಿ ಕೆಳಗೆ ಬಿಗೀತು. ಅವಳ ಮುಖ ಈಗ ಹೆಂಗಿದೆಯೋ, ಎಷ್ಟು ಜನರ ಮುಖ ನೋಡ್ದೆ ಬಿಟ್ಟೆ ನಾನು, ಇವಳದೊಂದು ಮುಖ ನೋಡ್ಬೇಕಿತ್ತು, ನೋಡೋ ಹಂಗಿಲ್ಲ, ತಿರುಗಿ ನಿಂತೋಳಿಗೆ ಕಾಣೋದು ಗೋಡೆ, ಹಸಿರು ಗೋಡೆ, ಅದರಲ್ಲಿ ಮೊಳೆ, ಕಡ್ಲೆಕಾಯಿ ಬೀಜದಷ್ಟು, ಈ ಸಲ ಬಣ್ಣ ಇನ್ನೂ ಹೊಸದು, ತೊಟ್ಟಿಕ್ಕಿ ಒಣಗಿದ ಒಂದು ಹನಿ ಅದರ ಕೆಳಗೆ, ಬೆಲ್ಲು ಹೊಡೀತಿದೆ, ಹೊಡೀಲಿ, ಪೆನ್ನಿಗೆ ನೆಲ ತಡಕೋ ಸದ್ದು, ಕಾಗದ ಮಗುಚಿದ ಸದ್ದು, ಬರೀತಿದಾಳೆ, ಬರೀಲಿ, ಮೊಳೆ. ಹಸಿರು ಮೊಳೆ.

ನಾನು ಹೇಳಲಿಲ್ಲ.